ಕಲಾ ಥೆರಪಿ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಆನ್‌ಲೈನ್‌ನಲ್ಲಿ ‘ಆರ್ಟ್ ಥೆರಪಿ ಕಿಟ್’ ಎಂದು ಹುಡುಕಿದರೆ ಸಿಗುವ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ತಾಯಿಯ ಮಕ್ಕಳು. ಮಂಡಲ ಎಂಬ ವೃತ್ತಾಕಾರದ ಚಿತ್ರಗಳಿರುವ ಬಣ್ಣ ತುಂಬುವ ಪುಸ್ತಕ, ಒಂದು ಸೆಟ್ ಜೆಲ್ ಪೆನ್ನು, ಕೆಲವದರಲ್ಲಿ ಸುವಾಸನೆಯ ಮೇಣದಬತ್ತಿ, ಮುಚ್ಚಳದ ಮೇಲೆ ‘ಒತ್ತಡಕ್ಕೆ ವಿದಾಯ’ ಎಂಬ ಧಾಟಿಯ ಮಾತು. ಶಾಲೆಯ ಆಪ್ತಸಮಾಲೋಚಕರು, ವೃದ್ಧಾಶ್ರಮ ನಡೆಸುವವರು, ಡೇ ಕೇರ್ ಕೇಂದ್ರಗಳ ಸ್ವಯಂಸೇವಕರು ಇವನ್ನೇ ಹತ್ತೋ ಇಪ್ಪತ್ತೋ ಒಟ್ಟಿಗೆ ತರಿಸಿಕೊಳ್ಳುತ್ತಾರೆ. ಅಷ್ಟೇ ದುಡ್ಡಿಗೆ ಊರಿನ ಸ್ಟೇಷನರಿ ಅಂಗಡಿಯಲ್ಲಿ, ಕುಂಬಾರರ ಮನೆಯಲ್ಲಿ ಇನ್ನೂ ಒಳ್ಳೆಯ ಸಾಮಾನು ಸಿಗುತ್ತದೆ. ಇಲ್ಲಿನ ಲೆಕ್ಕವೆಲ್ಲ ಎಂಟು ಜನರ ಗುಂಪು, ವಾರಕ್ಕೊಮ್ಮೆ ಒಂದೂಕಾಲು ಗಂಟೆ ಎಂದು ಹಿಡಿದು ಹಾಕಿದ್ದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸಾಮಾನು ತಂದ ಮಾತ್ರಕ್ಕೆ ಥೆರಪಿ ಆಗುವುದಿಲ್ಲ. ತರಬೇತಿ ಪಡೆದವರು ಜೊತೆಗಿದ್ದು, ಬಿಡಿಸಿದ್ದರ ಬಗ್ಗೆ ಮಾತಾಡಲು ಸಮಯ ಇಟ್ಟು, ಮುಂದಿನ ವಾರ ಅಲ್ಲಿಂದಲೇ ಎಳೆ ಹಿಡಿದು ಮುಂದುವರಿಸಿದರೆ ಅದು ಥೆರಪಿ. ಮಿಕ್ಕಿದ್ದು ಮನಸ್ಸಿಗೆ ಹಿತ ಕೊಡುವ ಕಲೆಯ ಹೊತ್ತು. ಅದೂ ಬೇಕಾದದ್ದೇ, ಆದರೆ ಎರಡನ್ನೂ ಒಂದೇ ಹೆಸರಿನಲ್ಲಿ ಮಾರಬಾರದು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ 417 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ವಾರಕ್ಕೊಂದು ಗುಂಪು ಕಲಾ ಥೆರಪಿಯನ್ನೂ ಪಡೆದವರಿಗೂ ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗೂ ಎರಡು ವರ್ಷದ ಕೊನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುಂಪಿಗೆ ಬರುತ್ತಿದ್ದವರ ಹಾಜರಿಯೇ ಕಮ್ಮಿ ಇತ್ತು. ತರಬೇತಾದ ಥೆರಪಿಸ್ಟ್ ಇದ್ದೂ ಹೀಗಾದ ಮೇಲೆ, ಪುಸ್ತಕವೂ ಪೆನ್ನೂ ಇರುವ ಪೆಟ್ಟಿಗೆ ಖಿನ್ನತೆ ಕಳೆಯುತ್ತದೆ ಎಂದು ಬರೆದುಕೊಂಡಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಾಗೆಂದು ಮಂಡಲಕ್ಕೆ ಅನ್ಯಾಯ ಮಾಡುವುದೂ ಬೇಡ. ಅಮೆರಿಕದ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 2005ರಲ್ಲಿ 84 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ಸ್ವಲ್ಪ ಆತಂಕ ಹುಟ್ಟಿಸಿ, ಆಮೇಲೆ 20 ನಿಮಿಷ ಬಣ್ಣ ಹಾಕಿಸಿದರು. ಕೆಲವರಿಗೆ ಮಂಡಲ, ಕೆಲವರಿಗೆ ಚೌಕುಳಿ ಗೆರೆಗಳ ವಿನ್ಯಾಸ, ಕೆಲವರಿಗೆ ಖಾಲಿ ಹಾಳೆ. ಮಂಡಲದವರ ಆತಂಕವೂ ಇಳಿಯಿತು, ಚೌಕುಳಿಯವರದೂ ಇಳಿಯಿತು. ಖಾಲಿ ಹಾಳೆಯವರದು ಹಾಗೆ ಇಳಿಯಲಿಲ್ಲ. ಅಂದರೆ ಕೆಲಸ ಮಾಡಿದ್ದು ವೃತ್ತದ ಮಹಿಮೆಯಲ್ಲ, ಕಣ್ಣಿಗೂ ಕೈಗೂ ಹಿಡಿತ ಕೊಡುವ ಗೆರೆ. ಆ ಹಿಡಿತ ನಮ್ಮ ಚುಕ್ಕಿ ರಂಗೋಲಿಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಡುವೆ ಏಳು ಚುಕ್ಕಿ ಇಟ್ಟು ಎರಡೂ ಕಡೆ ಒಂದೊಂದೇ ಕಮ್ಮಿ ಮಾಡುತ್ತ ನಾಲ್ಕಕ್ಕೆ ಇಳಿಸಿದರೆ ಒಟ್ಟು 37 ಚುಕ್ಕಿ. ಅದರ ಸುತ್ತ ಎಳೆ ಸುತ್ತಿಸಿ ಬಣ್ಣ ತುಂಬಿಸಿ. ಇಪ್ಪತ್ತು ನಿಮಿಷಕ್ಕೆ ಸರಿಯಾಗುತ್ತದೆ. ಅಡುಗೆಮನೆ ಬಿಟ್ಟು ಬೇರೆ ಕಡೆ ಬಾಯಿಬಿಡದ ಅಜ್ಜಿಯರು ಇದರಲ್ಲಿ ಗುಂಪಿಗೇ ಮೇಷ್ಟ್ರಾಗಿಬಿಡುತ್ತಾರೆ.

ಕಿಟ್ ಪುಸ್ತಕಗಳ ಸಾಮಾನ್ಯ ದೋಷಗಳು ಮೂರು. ಹಾಳೆ ತೆಳು, ಹಾಗಾಗಿ ಜೆಲ್ ಪೆನ್ನು ಹಿಂದಕ್ಕೆ ಇಳಿಯುತ್ತದೆ. ಎರಡೂ ಕಡೆ ಅಚ್ಚಾಗಿದ್ದರೆ ಹಿಂದಿನ ಚಿತ್ರ ಹಾಳಾದಂತೆಯೇ ಲೆಕ್ಕ. ಮೂರನೆಯದು ನಿಜವಾಗಿ ಕಾಡುವಂಥದ್ದು: ಗೆರೆಗಳ ನಡುವಿನ ಜಾಗ ಎಳ್ಳುಕಾಳಿನಷ್ಟಿದ್ದರೆ, ಕೈ ನಡುಗುವವರಿಗೆ, ಕಣ್ಣಿನ ಪೊರೆ ಬಂದವರಿಗೆ, ಮಾತ್ರೆಯಿಂದ ಬೆರಳು ಅದುರುವವರಿಗೆ ಅದು ಸೋಲಿನ ಪಾಠವಾಗುತ್ತದೆ. ಕೊಳ್ಳಲೇಬೇಕಿದ್ದರೆ ಒಂದೇ ಕಡೆ ಅಚ್ಚಾದ, ಕಿರುಬೆರಳ ತುದಿ ಹಿಡಿಸುವಷ್ಟು ಅಗಲದ ಜಾಗಗಳಿರುವ ಪುಸ್ತಕ ಒಂದು ತಂದು, ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಗೆ ದೊಡ್ಡದು ಮಾಡಿಸಿಕೊಳ್ಳಿ.

ಈ ಕ್ಷೇತ್ರದಲ್ಲಿ ಸಾಮಾನು ಆಯ್ಕೆಗೆ ಒಂದು ಹಳೆಯ ಅಳತೆಗೋಲಿದೆ. ಅಮೆರಿಕದ ಕಲಾ ಥೆರಪಿಸ್ಟರಾದ ಸಾಂಡ್ರಾ ಕ್ಯಾಗಿನ್ ಮತ್ತು ವಿಯಾ ಲುಸೆಬ್ರಿಂಕ್ 1978ರಲ್ಲಿ ಕೊಟ್ಟದ್ದು. ಸಾಮಾನುಗಳನ್ನು ಬಿಗಿಯಿಂದ ಸಡಿಲದವರೆಗೆ ಸಾಲಾಗಿ ನಿಲ್ಲಿಸಬಹುದು ಎನ್ನುತ್ತದೆ ಅದು. ಪೆನ್ಸಿಲ್, ಕತ್ತರಿಸಿದ ಚಿತ್ರಗಳು ಬಿಗಿಯ ತುದಿ. ಒತ್ತಿದಷ್ಟೇ ಬರುತ್ತವೆ, ಹೇಳಿದ ಮಾತು ಕೇಳುತ್ತವೆ. ನೀರು ಬಣ್ಣ, ಬೆರಳಲ್ಲಿ ಬಳಿಯುವ ಬಣ್ಣ ಸಡಿಲದ ತುದಿ. ಅವು ಹರಿದ ಕಡೆಗೆ ಮನಸ್ಸೂ ಹರಿಯುತ್ತದೆ. ಎಲ್ಲವನ್ನೂ ಬಿಗಿ ಹಿಡಿದು ಕೂತವರಿಗೆ ದಿನ ಕಳೆದಂತೆ ಸಡಿಲದ ಕಡೆಗೆ ದಾರಿ ಮಾಡಿಕೊಡಬೇಕು. ಈಗಾಗಲೇ ಭಾವನೆಯ ನೆರೆಯಲ್ಲಿ ಇರುವವರ ಮುಂದೆ ಮೊದಲ ದಿನವೇ ನೀರು ಬಣ್ಣ ಇಟ್ಟರೆ ನೆರೆ ಏರುತ್ತದೆ. ಕೆಳಗಿನ ಸಾಮಾನುಗಳನ್ನು ಈ ಕೋಲಿನ ಮೇಲಿಟ್ಟೇ ಅಳೆದಿದೆ.

ಎಲ್ಲಕ್ಕಿಂತ ಮೊದಲು ಹಾಳೆ. ಬಜೆಟ್ ಕಮ್ಮಿ ಇದ್ದಾಗ ಎಲ್ಲರೂ ಹಾಳೆಯಲ್ಲಿ ಉಳಿಸಿ ಬಣ್ಣದಲ್ಲಿ ಖರ್ಚು ಮಾಡುತ್ತಾರೆ. ಅದು ತಿರುಗಮುರುಗ. ಜೆರಾಕ್ಸ್‌ನ 75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಹಾಳೆ ಎರಡನೇ ಸಲ ಉಜ್ಜಿದಾಗ ಹರಿಯುತ್ತದೆ. ಸಿಟ್ಟಿನಲ್ಲಿ ಒತ್ತಿ ಗೀಚುವ ಹುಡುಗನ ಕೈಯಲ್ಲಿ ಹಾಳೆ ಹರಿದರೆ, ‘ಇದನ್ನೂ ಹಾಳು ಮಾಡಿದೆ’ ಎಂದು ಅವನು ಅಂದುಕೊಂಡ ಮೇಲೆ ಯಾವ ಥೆರಪಿಯೂ ಬೇಗ ನಾಟುವುದಿಲ್ಲ. ಪೇಸ್ಟಲ್‌ಗೆ ಕನಿಷ್ಠ 130 ಜಿಎಸ್‌ಎಂ, ನೀರು ಸೋಕುವ ಕೆಲಸಕ್ಕೆ 200ರ ಮೇಲೆ ಇರಲಿ. 22 ಇಂಚಿಗೆ 28 ಇಂಚಿನ ಡ್ರಾಯಿಂಗ್ ಶೀಟ್ ತಂದು ಅರ್ಧ ಕತ್ತರಿಸಿದರೆ ಎ3ಗಿಂತ ದೊಡ್ಡ ಹಾಳೆ ಸಿಗುತ್ತದೆ. ಕಾಲು ಮಾಡಿದರೆ ಹೆದರುವವರಿಗೆ, ಹೊಸಬರಿಗೆ ಸರಿಯಾದ ಅಳತೆ. ಹೊಸಬರ ಮುಂದೆ ಪೂರ್ತಿ ಶೀಟ್ ಹಾಸುವುದು ಈಜು ಬಾರದವರನ್ನು ಕೆರೆ ತೋರಿಸಿ ‘ಇಳೀರಿ’ ಎಂದಂತೆ. ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಮೇಜಿಗೆ ಕೂರಿಸಿ. ಹಾಳೆ ಜರಗುವುದಿಲ್ಲ ಎಂಬುದು ಒಂದು ಲಾಭ. ಕೊನೆಗೆ ಟೇಪ್ ಬಿಡಿಸಿದಾಗ ಬಿಳಿ ಚೌಕಟ್ಟು ಉಳಿದು, ಗೀಚಿದ್ದೂ ‘ಚಿತ್ರ’ವಾಗಿ ಕಾಣುತ್ತದೆ ಎಂಬುದು ಇನ್ನೊಂದು. ಟೇಪನ್ನು ಮೇಲಕ್ಕೆಳೆಯದೆ ಹಾಳೆಯಿಂದ ಹೊರಗಡೆಗೆ ಓರೆಯಾಗಿ, ನಿಧಾನಕ್ಕೆ ಎಳೆಯಬೇಕು.

ಬಣ್ಣದಲ್ಲಿ ಮೊದಲ ಆಯ್ಕೆ ಆಯಿಲ್ ಪೇಸ್ಟಲ್. ಕ್ಯಾಮೆಲ್, ಡಾಮ್ಸ್, ಫೇಬರ್ ಕ್ಯಾಸ್ಟೆಲ್ ಮೂರರದ್ದೂ 25 ಬಣ್ಣದ ಪೆಟ್ಟಿಗೆ ಎಲ್ಲ ಕಡೆ ಸಿಗುತ್ತದೆ. ಗುಂಪಿನ ಕೆಲಸಕ್ಕೆ ಯಾವುದಾದರೂ ಸರಿ, ಬ್ರ್ಯಾಂಡಿನ ಜಗಳಕ್ಕೆ ಬಿದ್ದು ಹೊತ್ತು ಕಳೆಯಬೇಡಿ. ಎಂಟು ಜನಕ್ಕೆ ನಾಲ್ಕು ಪೆಟ್ಟಿಗೆ, ಇಬ್ಬರಿಗೊಂದು. ತಲೆಗೊಂದು ಕೊಟ್ಟರೆ ತಲೆ ಎತ್ತದೆ ಕೂರುತ್ತಾರೆ. ಇಬ್ಬರಿಗೊಂದು ಕೊಟ್ಟರೆ ‘ಆ ನೀಲಿ ಸ್ವಲ್ಪ ಕೊಡಿ’ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಮೊದಲು ಮುಗಿಯುವುದು ಬಿಳಿ ಮತ್ತು ಕಪ್ಪು. ಬಿಡಿಯಾಗಿ ಸಿಕ್ಕರೆ ಅವನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಪೆಟ್ಟಿಗೆ ಬಿಚ್ಚಿ ಕಂದು ಛಾಯೆಗಳು ಎಷ್ಟಿವೆ ಎಂದು ಎಣಿಸಿ. ಒಂದೇ ಒಂದು ತಿಳಿಗುಲಾಬಿ ಕಡ್ಡಿಯನ್ನು ‘ಮೈಬಣ್ಣ’ ಎಂದು ಹಂಚುವ ಅಭ್ಯಾಸ ಇನ್ನೂ ಹೋಗಿಲ್ಲ. ತನ್ನ ಮುಖಕ್ಕೆ ಹೊಂದುವ ಬಣ್ಣ ಪೆಟ್ಟಿಗೆಯಲ್ಲೇ ಇಲ್ಲದ ಮಗು ಆ ಗುಲಾಬಿಯಲ್ಲೇ ತನ್ನನ್ನು ಬಿಡಿಸುತ್ತದೆ.

ಕಡ್ಡಿಗಳ ಕಾಗದದ ಅಂಗಿ ಬಿಚ್ಚಿ, ಕೆಲವನ್ನು ನೀವೇ ಮುರಿದು ಇಡಿ. ಹೊಸ ಪೆಟ್ಟಿಗೆಯ ಮೇಲೆ ಕೈಯಿಡಲು ಅಂಜುವವರು ತುಂಡು ಕಡ್ಡಿಯನ್ನು ಸಲೀಸಾಗಿ ಎತ್ತಿಕೊಳ್ಳುತ್ತಾರೆ. ಅಡ್ಡ ಹಿಡಿದು ಉಜ್ಜಲೂ ತುಂಡೇ ಅನುಕೂಲ. ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಒಣಗುವುದಿಲ್ಲ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಬ್ಬರ ಚಿತ್ರ ಇನ್ನೊಬ್ಬರ ಬೆನ್ನಿಗೆ ಅಂಟುತ್ತದೆ. ನಡುವೆ ಬಟರ್ ಪೇಪರ್ ಇಡಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಕಡ್ಡಿ ಬೆಣ್ಣೆಯಂತಾಗುತ್ತದೆ, ಆಗ ಪೆಟ್ಟಿಗೆಯನ್ನು ಮಣ್ಣಿನ ಮಡಕೆಯ ಪಕ್ಕದ ತಂಪಿನಲ್ಲಿಡುವುದು ವಾಸಿ. ಮೇಣದ ಕ್ರೇಯಾನ್ ಅಗ್ಗ, ನಿಜ. ಆದರೆ ಬಣ್ಣ ಏಳಬೇಕಾದರೆ ಮಣಿಕಟ್ಟು ನೋಯುವಷ್ಟು ಒತ್ತಬೇಕು, ಒಂದರ ಮೇಲೊಂದು ಬಣ್ಣ ಕೂರುವುದಿಲ್ಲ. ದೊಡ್ಡವರ ಗುಂಪಿಗೆ ಬೇಡ.

ಪೋಸ್ಟರ್ ಕಲರ್ ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ. ಹನ್ನೆರಡು ಪುಟ್ಟ ಬಾಟಲಿಗಳ ಸೆಟ್ ತರುವ ಬದಲು ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಐದರ ದೊಡ್ಡ ಬಾಟಲಿ ತನ್ನಿ. ಹಸಿರು ಬೇಕೆಂದವರು ಬೆರೆಸಿಕೊಳ್ಳಲಿ, ಬೆರೆಸುವುದರಲ್ಲೇ ಅರ್ಧ ಸುಖ. ಬಣ್ಣ ಇಡಲು ಹಳೆಯ ಇಡ್ಲಿ ತಟ್ಟೆಗಿಂತ ಒಳ್ಳೆಯ ಪ್ಯಾಲೆಟ್ ಇಲ್ಲ (ತೂತಿಲ್ಲದ್ದು ನೋಡಿ ತನ್ನಿ). ಗುಳಿಗೆ ಅರ್ಧ ಚಮಚ ಬಣ್ಣ ಸಾಕು. ಮುಗಿದರೆ ಮತ್ತೆ ಹಾಕಬಹುದು. ಬ್ರಷ್ 10 ಅಥವಾ 12ನೇ ನಂಬರಿನ ಚಪ್ಪಟೆಯದು. ಸೂಜಿಮೊನೆಯ ಬ್ರಷ್ ಕೊಟ್ಟರೆ ಕಣ್ಣು, ರೆಪ್ಪೆ, ಉಗುರು ಎಂದು ಕೂತು, ‘ಸರಿ ಬರಲಿಲ್ಲ’ ಎಂದು ಎದ್ದುಬಿಡುತ್ತಾರೆ. ಬ್ರಷ್ ಕೂದಲನ್ನು ಕೆಳಗೆ ಮಾಡಿ ನೀರಿನ ಲೋಟದಲ್ಲಿ ನಿಲ್ಲಿಸಿಟ್ಟರೆ ಒಂದೇ ವಾರದಲ್ಲಿ ಬಾಗಿ ಹಾಳಾಗುತ್ತದೆ. ಇಷ್ಟು ಸಾಕು.

ಇನ್ನು ಜೇಡಿಮಣ್ಣು. ಪೂರ್ತಿ ಅಂಕ ಇದಕ್ಕೇ, ಅತಿ ಹೆಚ್ಚು ಎಡವಟ್ಟಾಗುವುದೂ ಇದರಲ್ಲೇ.

ಮಣ್ಣನ್ನು ಕುಂಬಾರರ ಹತ್ತಿರ ಕೊಳ್ಳಿ. ಬೆಂಗಳೂರಿನಲ್ಲಿ ಪಾಟರಿ ಟೌನ್ ಇದೆ, ಬೆಳಗಾವಿ ಕಡೆಯವರಿಗೆ ಖಾನಾಪುರ ಇದೆ, ಮಿಕ್ಕ ಊರುಗಳಲ್ಲಿ ಹಣತೆ ಮಾಡುವವರನ್ನು ಕೇಳಿದರೆ ಗೊತ್ತಾಗುತ್ತದೆ. ಗೌರಿ ಗಣೇಶ ಹಬ್ಬದ ಹಿಂದಿನ ತಿಂಗಳು ಅವರಿಗೆ ಪುರುಸೊತ್ತಿರುವುದಿಲ್ಲ, ಮೊದಲೇ ಹೇಳಿಡಿ. ಹದ ನೋಡಲು ಒಂದು ಉಂಡೆ ತೆಗೆದು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಮರಳು ಜಾಸ್ತಿ ಅಥವಾ ಒಣಗಿದೆ. ಅಂಗೈಗೆ ಮೆತ್ತಿದರೆ ನೀರು ಜಾಸ್ತಿ. ತಂದ ಮೇಲೆ ದಾರದಿಂದ ಹೋಳು ಮಾಡಿ, ಕಲ್ಲು, ಗಾಜಿನ ಚೂರು ಇವೆಯೇ ಎಂದು ನೋಡಿ, ನೆಲಕ್ಕೆ ಬಡಿದು ಬಡಿದು ನಾದಿ. ಚಪಾತಿ ಹಿಟ್ಟು ನಾದಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ತಲೆಗೆ ಮುಕ್ಕಾಲು ಕಿಲೋದಂತೆ ಎಂಟು ಜನಕ್ಕೆ 6 ಕಿಲೋ. 10 ಕಿಲೋ ತಂದರೆ ನಿಶ್ಚಿಂತೆ. ಮುಚ್ಚಳದ ಬಕೆಟ್ಟಿನಲ್ಲಿ ಒದ್ದೆ ಗೋಣಿ ಬಟ್ಟೆ ಸುತ್ತಿಟ್ಟು ಹತ್ತು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ತಿಂಗಳುಗಟ್ಟಲೆ ಇರುತ್ತದೆ.

ಮೇಜಿನ ಮೇಲೆ ಪೇಪರ್ ಹಾಸಬೇಡಿ. ಮಣ್ಣು ಅಂಟಿ, ಪೇಪರ್ ಹರಿದು, ಚೂರುಗಳು ಮಣ್ಣಲ್ಲಿ ಸೇರುತ್ತವೆ. ಒಂದಡಿ ಚದರದ ಪ್ಲೈವುಡ್ ತುಂಡಿನ ಮೇಲೆ ದಪ್ಪ ಕಾಟನ್ ಬಟ್ಟೆ ಹಾಸಿ. ಎಲ್ಲರೂ ಮಾಡುವ ತಪ್ಪು, ತಲೆಗೊಂದು ಬಟ್ಟಲು ನೀರು ಇಡುವುದು. ಹತ್ತು ನಿಮಿಷದಲ್ಲಿ ಮಣ್ಣು ರಾಡಿಯಾಗುತ್ತದೆ, ನಿಲ್ಲಿಸಿದ್ದು ಕುಸಿಯುತ್ತದೆ. ಮೊದಲೇ ಕುಸಿದ ಮನಸ್ಸಿನವರಿಗೆ ಇದು ಬೇಕಾಗಿಲ್ಲ. ಬಟ್ಟಲಿನ ಬದಲು ಹಿಂಡಿದ ಒದ್ದೆ ಸ್ಪಂಜು ಕೊಡಿ. ಕತ್ತರಿಸಲು ಚಾಕು ಬೇಡ. ಒಂದೂವರೆ ಅಡಿ ನೈಲಾನ್ ದಾರದ ಎರಡೂ ತುದಿಗೆ ದೊಡ್ಡ ಗುಂಡಿ ಕಟ್ಟಿದರೆ ಹಿಡಿಯಲೂ ಸುಲಭ, ಯಾರೂ ತಮ್ಮನ್ನು ಗಾಯ ಮಾಡಿಕೊಳ್ಳುವ ಭಯವೂ ಕಮ್ಮಿ. ಎಷ್ಟು ದಾರ ಹೊರಗೆ ತೆಗೆದಿರೋ ಅಷ್ಟೇ ಒಳಗೆ ಬಂತೇ ಎಂದು ಎಣಿಸಿ. ಕತ್ತರಿಗೂ ಅದೇ ನಿಯಮ.

ಕೆಲಸ ಹೀಗೆ ಸಾಗುತ್ತದೆ. ಮೊದಲ ಹತ್ತು ನಿಮಿಷ ಏನೂ ಮಾಡಿಸಬೇಡಿ. ಹಿಸುಕಲಿ, ಬಡಿಯಲಿ, ತೂತು ಕೊರೆಯಲಿ. ಹಲವರ ಉಸಿರು ಇಲ್ಲೇ ನಿಧಾನವಾಗುತ್ತದೆ. ಆಮೇಲೆ ನಿಂಬೆಹಣ್ಣಿನಷ್ಟು ಉಂಡೆ, ಅದರಲ್ಲಿ ಹೆಬ್ಬೆರಳು ಒತ್ತಿ ತಿರುಗಿಸುತ್ತಾ ಒಂದು ಪುಟ್ಟ ಬಟ್ಟಲು. ಇದು ಯಾರಿಗೂ ತಪ್ಪುವುದಿಲ್ಲ. ಬಟ್ಟಲಾದ ಮೇಲೆ, ‘ಇದರಲ್ಲಿ ಏನು ಇಟ್ಟುಕೊಳ್ತೀರಿ?’ ಎಂದು ಕೇಳಿದರೆ ಸಾಕು. ಎರಡು ಭಾಗ ಜೋಡಿಸುವಾಗ ಎರಡೂ ಕಡೆ ಫೋರ್ಕಿನಿಂದ ಗೀಚಿ, ನಡುವೆ ಮಣ್ಣಿನ ಗಂಜಿ ಹಚ್ಚಿ ಒತ್ತಬೇಕು. ನುಣ್ಣಗಿನ ಮೈಗೆ ನುಣ್ಣಗಿನ ಮೈ ಅಂಟಿಸಿದರೆ ಒಣಗಿದಾಗ ಕೈ, ಕಾಲು, ಕಿವಿ ಉದುರುತ್ತವೆ. ಯಾವ ಭಾಗವೂ 2 ಸೆಂಟಿಮೀಟರ್‌ಗಿಂತ ದಪ್ಪ ಬೇಡ, ದಪ್ಪವಿದ್ದರೆ ಒಳಗಿನಿಂದ ಕೆರೆದು ತೆಗೆಯಿರಿ. ತೆಳು ಭಾಗ ಮೊದಲು ಒಣಗಿ ಕುಗ್ಗುತ್ತದೆ, ದಪ್ಪ ಭಾಗ ಇನ್ನೂ ಹಿಗ್ಗಿಯೇ ಇರುತ್ತದೆ. ಬಿರುಕು ಹುಟ್ಟುವುದು ಈ ಜಗ್ಗಾಟದಲ್ಲಿ. ಬಿಸಿಲಿಗಿಡದೆ ನೆರಳಿನಲ್ಲಿ ಪೇಪರ್ ಮುಚ್ಚಿ ಒಂದು ವಾರ ಒಣಗಿಸಿ. ಸುಡದ ಮಣ್ಣು ನೀರಲ್ಲಿ ಕರಗುತ್ತದೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಯಾರಾದರೂ ಮನೆಗೆ ಒಯ್ದ ಲೋಟಕ್ಕೆ ನೀರು ತುಂಬಿಯೇ ತುಂಬುತ್ತಾರೆ.

ಮಣ್ಣು ಮುಟ್ಟಲು ಹೇಸುವವರು ಇರುತ್ತಾರೆ. ಕೆಲವರಿಗೆ ಒದ್ದೆ ಮಣ್ಣಿನ ವಾಸನೆಯೇ ಯಾವುದೋ ಹಳೆಯ ದಿನಕ್ಕೆ ಎಳೆದೊಯ್ಯುತ್ತದೆ. ಒತ್ತಾಯ ಬೇಡ. ಚಮಚದಿಂದ ಶುರು ಮಾಡಲಿ, ಅಥವಾ ಪಕ್ಕದಲ್ಲಿ ಪೇಸ್ಟಲ್ ಹಿಡಿದು ಕೂರಲಿ. ಕೈಯಲ್ಲಿ ಗಾಯ, ಇಸುಬು ಇದ್ದರೆ ಅವತ್ತು ಮಣ್ಣು ಬೇಡ. ಮುಗಿದ ಮೇಲೆ ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ; ಒಣ ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಕೈ ತೊಳೆದ ನೀರು ಸಿಂಕಿಗೆ ಹೋದರೆ ಪೈಪ್ ಕಟ್ಟಿ ಪ್ಲಂಬರ್ ಬರಬೇಕಾಗುತ್ತದೆ. ಬಕೆಟ್ಟಿನಲ್ಲೇ ಕೈ ತೊಳೆಸಿ, ರಾತ್ರಿಯಿಡೀ ಬಿಟ್ಟು, ತಿಳಿನೀರನ್ನು ಗಿಡಕ್ಕೆ ಹಾಕಿ.

ಪ್ಯಾಕೆಟ್ಟಿನಲ್ಲಿ ಬರುವ ಏರ್ ಡ್ರೈ ಕ್ಲೇ ಬಿಳಿ, ಶುಚಿ, ಆಸ್ಪತ್ರೆಯ ವಾರ್ಡಿಗೆ ಹೊಂದುತ್ತದೆ. ಆದರೆ ಫ್ಯಾನ್ ಕೆಳಗೆ ಬೇಗ ಚರ್ಮ ಕಟ್ಟುತ್ತದೆ, ಮನಸ್ಸು ಬದಲಾಯಿಸಿ ಮತ್ತೆ ನಾದಲು ಆಗುವುದಿಲ್ಲ. ಹಿಸುಕಿ ಕೆಡವಿ ಮತ್ತೆ ಕಟ್ಟುವುದೇ ಮಣ್ಣಿನ ಕೆಲಸದ ಜೀವಾಳ. ಮಕ್ಕಳ ಬಣ್ಣಬಣ್ಣದ ಎಣ್ಣೆ ಕ್ಲೇ ತಣ್ಣಗಿದ್ದಾಗ ಗಟ್ಟಿ, ವಯಸ್ಸಾದವರ ಬೆರಳಿಗೆ ಹಿಂಸೆ.

‘ನಂಗೆ ಚಿತ್ರ ಬಿಡ್ಸಕ್ಕೆ ಬರಲ್ಲ ಮೇಡಂ’ ಎಂಬ ಮಾತು ಪ್ರತಿ ಗುಂಪಿನಲ್ಲೂ ಐದು ನಿಮಿಷದೊಳಗೆ ಬರುತ್ತದೆ. ಅವರಿಗಾಗಿಯೇ ಕೊಲಾಜ್ ಪೆಟ್ಟಿಗೆ, ಅಂದರೆ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ ಹೊಸ ಚಿತ್ರ ಮಾಡುವ ಸಾಮಾನು. ಹಳೆಯ ವಾರಪತ್ರಿಕೆಗಳನ್ನು ಹಾಗೆಯೇ ಕೊಟ್ಟರೆ ಕತ್ತರಿಸುವುದು ಬಿಟ್ಟು ಓದುತ್ತಾ ಕೂರುತ್ತಾರೆ. ಧಾರಾವಾಹಿಯ ಕಂತು ಸಿಕ್ಕಿತೆಂದರೆ ಮುಗಿಯಿತು. ನೀವೇ 70-80 ಚಿತ್ರ ಕತ್ತರಿಸಿ ರಟ್ಟಿನ ಡಬ್ಬದಲ್ಲಿ ಹಾಕಿಡಿ. ಜಾಹೀರಾತಿನ ಚಿನ್ನದಂಗಡಿ ರೂಪದರ್ಶಿಯರೇ ತುಂಬಿಕೊಳ್ಳದಂತೆ ನೋಡಿಕೊಳ್ಳಿ. ಬಸ್ಸು, ಬಾಗಿಲು, ಖಾಲಿ ಕುರ್ಚಿ, ಒಣಗಿದ ಹೊಲ, ಮಳೆ, ಮುದುಕರ ಕೈ, ನಾಯಿ, ಪೊಲೀಸು, ಊಟದ ಎಲೆ ಇರಲಿ. ಬಾಗಿಲು ಮತ್ತು ಖಾಲಿ ಕುರ್ಚಿ ಎಷ್ಟಿದ್ದರೂ ಸಾಲುವುದಿಲ್ಲ. ಅಂಟಿಗೆ ಗ್ಲೂ ಸ್ಟಿಕ್ ಸಾಕು. ತೆಳು ಹಾಳೆಗೆ ಫೆವಿಕಾಲ್ ಹಚ್ಚಿದರೆ ಸುಕ್ಕುಗಟ್ಟುತ್ತದೆ.

ಹೊಡೆಯುವ ವಾದ್ಯ ಬೇಕೆಂದವರು ಒಂದು ದಮ್ಮಡಿ, ಎರಡು ಜೊತೆ ತಾಳ ತಂದರೆ ಆಯಿತು. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ದನಿ ಸಾಯುತ್ತದೆ, ಮಲೆನಾಡು, ಕರಾವಳಿಯವರು ಸಿಂಥೆಟಿಕ್ ಮುಚ್ಚಿಗೆಯದ್ದು ನೋಡಿ. ಜೋರು ಸದ್ದಿಗೆ ಬೆಚ್ಚುವವರಿದ್ದರೆ ಅದೂ ಬೇಡ.

ಇಷ್ಟೆಲ್ಲಕ್ಕೂ ಫಲ ಇದೆಯೇ ಎಂದು ಕೇಳುವವರಿಗೆ: ಗಿರಿಜಾ ಕೈಮಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ 39 ದೊಡ್ಡವರಿಗೆ 45 ನಿಮಿಷ ಮಾರ್ಕರ್, ಮಣ್ಣು, ಕೊಲಾಜ್ ಸಾಮಾನು ಕೊಟ್ಟು, ಮೊದಲು ಮತ್ತು ಆಮೇಲೆ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅಳೆದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಅದು ಇಳಿದಿತ್ತು, ಚಿತ್ರಕಲೆ ಗೊತ್ತಿದ್ದವರು ಗೊತ್ತಿಲ್ಲದವರು ಎಂಬ ಭೇದವಿಲ್ಲದೆ. ಚಿಕ್ಕ ಅಧ್ಯಯನ, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ‘ಬರಲ್ಲ’ ಎನ್ನುವವರಿಗೆ ಹೇಳಲು ಇಷ್ಟು ಧಾರಾಳ ಸಾಕು.

ಸಾಮಾನಿನ ಪಟ್ಟಿಯಲ್ಲಿ ಯಾರೂ ಬರೆಯದ, ಆದರೆ ಕೊಳ್ಳಲೇಬೇಕಾದ ವಸ್ತುಗಳು ಎರಡಿವೆ: ತಲೆಗೊಂದು ದೊಡ್ಡ ರಟ್ಟಿನ ಫೋಲ್ಡರ್ ಮತ್ತು ಬೀಗವಿರುವ ಕಪಾಟು. ಹಾಳೆಯ ಹಿಂದೆ ಹೆಸರಿನ ಮೊದಲಕ್ಷರ, ತಾರೀಕು, ಯಾವ ಕಡೆ ಮೇಲೆ ಎಂಬ ಬಾಣದ ಗುರುತು. ಚಿತ್ರವನ್ನು ಗೋಡೆಗೆ ಹಚ್ಚುವುದು, ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ಬಿಡಿಸಿದವರನ್ನು ಕೇಳದೆ ಆಗಬಾರದು. ದಾನಿಗಳಿಗೆ ಕಳಿಸುವ ವರದಿಗೂ ಇದೇ ಮಾತು. ಕಪ್ಪು ಬಳಿದರೆ ಖಿನ್ನತೆ, ಕೆಂಪು ಬಳಿದರೆ ಸಿಟ್ಟು ಎಂದು ಓದುವುದನ್ನು ಬಿಟ್ಟುಬಿಡಿ. ಬೇರೆ ಕಡ್ಡಿ ಪಕ್ಕದವರ ಕೈಯಲ್ಲಿದ್ದರೂ ಜನ ಕಪ್ಪು ಬಳಿಯುತ್ತಾರೆ. ‘ಇದೇನು?’ ಎಂದು ಕೇಳುವ ಬದಲು ‘ಇದರ ಬಗ್ಗೆ ಸ್ವಲ್ಪ ಹೇಳ್ತೀರಾ?’ ಎಂದರೆ ಮಾತು ಬರುತ್ತದೆ. ಸಾಯುವ ಮಾತು ಬಂದರೆ ಬಣ್ಣ ಪಕ್ಕಕ್ಕಿಟ್ಟು ನೇರವಾಗಿ ಕೇಳಿ, ಒಬ್ಬರನ್ನೇ ಮನೆಗೆ ಕಳಿಸಬೇಡಿ. 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರತಿ ಫೋಲ್ಡರಿನ ಒಳಬದಿಗೆ ಆ ನಂಬರ್ ಅಂಟಿಸಿಡಿ.

ಕೊನೆಯ ವಾರ ಫೋಲ್ಡರ್ ಅವರವರ ಕೈಗೆ ಕೊಡಿ. ಮಣ್ಣಿನದ್ದನ್ನು ಮನೆಗೆ ಒಯ್ಯುತ್ತೀರೋ, ಬಕೆಟ್ಟಿಗೆ ಹಾಕುತ್ತೀರೋ ಎಂದು ಒಬ್ಬೊಬ್ಬರನ್ನೇ ಕೇಳಿ. ಅವರ ಬದಲು ನೀವು ಹಾಕಬೇಡಿ. ಹಾಕಿದ್ದು ಚೆನ್ನಾಗಿ ಒಣಗಿರಬೇಕು, ಅರೆ ಒಣಗಿದ್ದು ಬೇಗ ನೆನೆಯುವುದಿಲ್ಲ. ಮುಳುಗುವಷ್ಟು ನೀರು ಹಾಕಿ ಎರಡು ದಿನ ಬಿಟ್ಟು, ತಿಳಿನೀರು ಬಸಿದು, ಹಳೆಯ ಹಾಸಿಗೆ ಬಟ್ಟೆಯ ಮೇಲೆ ಹರಡಿ ಹದಕ್ಕೆ ಬಂದಾಗ ನಾದಿದರೆ ಮುಂದಿನ ಎಂಟು ಜನಕ್ಕೆ ಮಣ್ಣು ತಯಾರು.